ಮೊಳೆಗೆ ತೂಗಿದ ದಾರ

ಭಾಲ್ಕಿಯ ಸ್ಟೇಷನ್ ರಸ್ತೆಗೆ ಬಂದು ಮನ್ಮಥಪ್ಪನ ಅಂಗಡಿ ಎಲ್ಲಿ ಎಂದು ಕೇಳಿದರೆ, "ಹೆಗಲ ಮ್ಯಾಲ ಟವೆಲ್ ಇಲ್ಲದ ಬಡಿಗೇರನದೇನ್ರಿ? ಅಕಾ, ಆ ಬೇವಿನ ಗಿಡದ ಬಾಜೂಕ" ಎಂದು ಕೈ ತೋರಿಸುತ್ತಾರೆ. ನಮ್ಮ ಕಡೆ ಐವತ್ತು ದಾಟಿದ ಗಂಡಸು ಟವೆಲ್ ಇಲ್ಲದೆ ಮನೆಯಿಂದ ಹೊರಗೆ ಬರುವುದು ಅಪರೂಪ. ಮನ್ಮಥಪ್ಪನ ಹೆಗಲ ಮೇಲೆ ಟವೆಲ್ ಇಲ್ಲ, ಕೈಯಲ್ಲಿ ಗಡಿಯಾರವಿಲ್ಲ, ಬೆರಳಲ್ಲಿ ಉಂಗುರವಿಲ್ಲ. ಅಂಗಿಯ ತೋಳುಗಳನ್ನು ಮೊಣಕೈಗಿಂತ ಮೇಲಕ್ಕೆ ಕತ್ತರಿಸಿ ಹೊಲಿಸಿದ್ದಾನೆ. ಬಾಗಿದಾಗ ಕೊರಳಿನ ಲಿಂಗದ ಕರಡಿಗೆ ಮುಂದಕ್ಕೆ ತೂಗಬಾರದೆಂದು ಬನಿಯನ್ನಿನ ಒಳಗೆ ಒಂದು ಜೇಬು ಮಾಡಿಸಿ, ಅದರೊಳಗೆ ಇಟ್ಟುಕೊಂಡಿದ್ದಾನೆ.

ಇದೆಲ್ಲವೂ ಅವನ ಕಟರಿನ ಸಲುವಾಗಿ. ಕಟರ್ ಎಂದರೆ ಒಂದು ಕಬ್ಬಿಣದ ಮೇಜು. ಅದರ ನಡುವಿನ ಸೀಳಿನಿಂದ ದುಂಡಗಿನ ಗರಗಸವೊಂದು ಅರ್ಧ ಮೇಲೆ ಬಂದಿರುತ್ತದೆ, ಕೆಳಗೆ ಮೋಟಾರು. ಗುಂಡಿ ಒತ್ತಿದರೆ ಗರಗಸ ತಿರುಗುತ್ತದೆ, ಹಲಗೆಯನ್ನು ಅದರತ್ತ ತಳ್ಳಿದರೆ ಕೊಯ್ಯುತ್ತದೆ. ಸಾಗವಾನಿಯನ್ನು ಹೇಗೆ ಕೊಯ್ಯುತ್ತದೋ ಬೆರಳನ್ನೂ ಹಾಗೆಯೇ ಕೊಯ್ಯುತ್ತದೆ, ಅದಕ್ಕೆ ಭೇದವಿಲ್ಲ.

ನಾನು ಶಾಲೆಯಿಂದ ನಿವೃತ್ತನಾಗಿ ಏಳು ವರ್ಷಗಳಾದವು. ಅವನ ಅಂಗಡಿ ನಮ್ಮ ಮನೆಯಿಂದ ಮೂರನೆಯದು. ಮಧ್ಯಾಹ್ನದ ಹೊತ್ತು ನಾನು ಅಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತು ಪತ್ರಿಕೆ ಓದುತ್ತೇನೆ. ಮೊದಲನೆಯ ದಿನ ನಾನು ಸ್ಟೂಲನ್ನು ಮೇಜಿನ ಎದುರಿಗೆ ಎಳೆದುಕೊಂಡು ಕುಳಿತೆ. ಅವನು ಯಂತ್ರದ ಗುಂಡಿಗೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದ.

"ಅಲ್ಲಿ ಬ್ಯಾಡ್ರಿ ಸರ್. ಗರಗಸದ ನೆಟ್ಟಗ ಯಾರೂ ಕೂಡಬಾರ್ದು. ಹಲಗಿ ಸಿಗಬಿದ್ದು ಒದ್ರ ಸೀದಾ ನಿಮ್ಮ ಎದಿಗೇ ಬರ್ತದ."

"ನೀನು ಎದುರಿಗೇ ನಿಲ್ಲುತ್ತೀಯಲ್ಲ?"

"ನಾನೂ ನಿಂದ್ರಂಗಿಲ್ರಿ. ನೋಡ್ರಿ, ಒಂದು ಹೆಜ್ಜಿ ಎಡಕ ನಿಂತೀನಿ."

ನೋಡಿದೆ, ನಿಜವಾಗಿಯೂ ಒಂದು ಹೆಜ್ಜೆ ಎಡಕ್ಕೆ ನಿಂತಿದ್ದ. ಅಂದಿನಿಂದ ನನ್ನ ಸ್ಟೂಲು ಬಾಗಿಲ ಪಕ್ಕದ ಗೋಡೆಗೆ ಹೋಯಿತು.

ಅವನ ಕೆಲಸದಲ್ಲಿ ಒಂದು ಕ್ರಮವಿತ್ತು. ಹಲಗೆಯ ಮೇಲೆಲ್ಲ ಅಂಗೈ ಆಡಿಸಿ ಹಳೆಯ ಮೊಳೆ ಇದೆಯೇ ಎಂದು ನೋಡುವನು. ಗರಗಸವನ್ನು ಹಲಗೆಯ ದಪ್ಪಕ್ಕಿಂತ ತುಸುವೇ ಮೇಲೆ ಬರುವಂತೆ ಇಳಿಸುವನು. ಅದರ ಮೇಲೆ ಮುಚ್ಚಳ ಕೂರಿಸಿ, ಅಲುಗಿಸಿ ನೋಡುವನು. ಹಲಗೆಯ ಕೊನೆಯ ಗೇಣು ಉಳಿದಾಗ ಕೈಯಿಂದ ತಳ್ಳದೆ, ತುದಿಯಲ್ಲಿ ಕಚ್ಚು ಹಾಕಿದ ಜಾಲಿಯ ಕೋಲಿನಿಂದ ತಳ್ಳುವನು. ಗುಂಡಿ ಆರಿಸಿದ ಮೇಲೂ ಗರಗಸ ತಿರುಗುತ್ತಲೇ ಇರುತ್ತದಲ್ಲ, ಅದು ಪೂರ್ತಿ ನಿಲ್ಲುವವರೆಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುವನು. ಗಿರಾಕಿಗಳು ನಗುತ್ತಿದ್ದರು. "ಮನ್ಮಥಪ್ಪ ಮಷೀನಿನ ಮುಂದ ನಿಂತ್ರ ಸಾಲಿ ಹುಡುಗ ಹೆಡ್‌ಮಾಸ್ತರ ಮುಂದ ನಿಂತ್ಹಂಗ" ಎಂದು ಚಹದ ಅಂಗಡಿಯವನು ದಿನಕ್ಕೊಮ್ಮೆ ಹಾಸ್ಯ ಮಾಡುತ್ತಿದ್ದ. ಮನ್ಮಥಪ್ಪ ಉತ್ತರ ಕೊಡುತ್ತಿರಲಿಲ್ಲ. ಯಂತ್ರದ ಮುಂದೆ ಅವನು ಮಾತಾಡುತ್ತಿರಲಿಲ್ಲ. ಯಂತ್ರ ನಿಂತ ಮೇಲೂ ಅವನಿಗೆ ಮಾತಾಡಲು ಯಾರೂ ಇರಲಿಲ್ಲ.

ಆ ಕ್ರಮದಲ್ಲಿ ಇನ್ನೊಂದು ಸಂಗತಿ ಇತ್ತು. ಬೆಳಿಗ್ಗೆ ಅಂಗಡಿ ತೆರೆದೊಡನೆ ಅವನು ಬಲಗೈ ಮಣಿಕಟ್ಟಿನಿಂದ ಒಂದು ಹಳೆಯ ದಾರವನ್ನು ಬಿಚ್ಚಿ, ಗುಂಡಿಯ ಮೇಲಿನ ಮೊಳೆಗೆ ತೂಗುಹಾಕುವನು. ಸಂಜೆ ಕೆಲಸ ಮುಗಿಸಿ, ಹೊಟ್ಟು ಗುಡಿಸಿ, ಕೈ ತೊಳೆದು, ಅದೇ ದಾರವನ್ನು ಎಡಗೈಯಿಂದ ಸುತ್ತಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಗಂಟು ಹಾಕಿಕೊಳ್ಳುವನು. ಒಮ್ಮೆ ಕೆಂಪಾಗಿದ್ದ ದಾರ ಬೇವಿನ ತೊಗಟೆಯ ಬಣ್ಣಕ್ಕೆ ತಿರುಗಿತ್ತು. "ಏನಪ್ಪಾ ಅದು?" ಎಂದು ಕೇಳಿದರೆ, "ತಂಗಿ ಕಟ್ಟಿದ್ದು ಸರ್" ಎಂದಷ್ಟೇ ಹೇಳುತ್ತಿದ್ದ. ಅಂಗಡಿಯ ಮೂಲೆಯಲ್ಲಿ ಹೆಂಗಸರ ಛತ್ರಿಯೊಂದು ತೂಗಿತ್ತು. ಅದರ ಕಡ್ಡಿಗಳಿಗೆ ಪ್ರತಿ ಮಳೆಗಾಲದ ಮೊದಲು ಎಣ್ಣೆ ಬಿಡುವನು, ಆದರೆ ಅದನ್ನು ಹಿಡಿದು ಹೊರಗೆ ಹೋದದ್ದನ್ನು ನಾನು ನೋಡಿರಲಿಲ್ಲ. ಮುಂದೆ ಹೇಳುವುದೆಲ್ಲ ಅವನೇ ಕಳೆದ ವರ್ಷ ನನಗೆ ಹೇಳಿದ್ದು.

ಮನ್ಮಥಪ್ಪನ ಊರು ಮೆಹಕರ. ತಂದೆ ತಾಯಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅವನಿಗೆ ಹದಿನೇಳು, ತಂಗಿ ಉಮಾಶ್ರೀಗೆ ಹನ್ನೊಂದು. ತಂಗಿಯ ಕೈ ಹಿಡಿದುಕೊಂಡು ಬೀದರಿಗೆ ಬಂದು, ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಜಾವೀದ ಉಸ್ತಾದರ ಬಡಿಗತನದ ಅಂಗಡಿಗೆ ಸೇರಿದ. ಉಸ್ತಾದರ ಹೆಂಡತಿ ಖತೀಜಾ ಬೇಗಂ ಉಮಾಶ್ರೀಯನ್ನು ತಮ್ಮ ಮಗಳು ಆಬೇದಾಳ ಜೊತೆಯಲ್ಲಿಯೇ ಬೆಳೆಸಿದರು. ತಮ್ಮ ಅಡುಗೆ ಬೇರೆ, ಮಾಂಸ ತಿನ್ನದ ಆ ಹುಡುಗಿಯ ಅಡುಗೆ ಬೇರೆ ಎಂದು ಎರಡು ಒಲೆ ಹಚ್ಚಿದರು. ಅವಳ ತಲೆ ಬಾಚಿ ಶಾಲೆಗೆ ಕಳಿಸಿದರು. ಅಣ್ಣ ತಂಗಿ ಇಬ್ಬರಿಗೂ ಅವರು ಚಾಚಿ, ಎಂದರೆ ಚಿಕ್ಕಮ್ಮ; ಉಮಾಶ್ರೀಗೆ ಉಸ್ತಾದರು ಚಾಚಾ.

ಚಾಚಿಗೆ ಒಂದು ರೂಢಿ ಇತ್ತು. ಗಂಡನ ಕೈಗೆ ಯಾರ ದೃಷ್ಟಿಯೂ ತಾಗಬಾರದೆಂದು ಏಳು ಗಂಟು ಹಾಕಿದ ಕೆಂಪು ದಾರವನ್ನು ಅವರ ಮಣಿಕಟ್ಟಿಗೆ ಕಟ್ಟುತ್ತಿದ್ದರು. ಹಳೆಯದು ಸವೆದರೆ ಹೊಸದು. ಉಸ್ತಾದರು ಅದನ್ನು ಕಟ್ಟಿಕೊಂಡೇ ಕೆಲಸ ಮಾಡುತ್ತಿದ್ದರು.

ಮನ್ಮಥಪ್ಪನಿಗೆ ಇಪ್ಪತ್ಮೂರು ತುಂಬಿದ ವರ್ಷದ ದಸರೆಯಲ್ಲಿ ಅಂಗಡಿಯಲ್ಲಿ ಆಯುಧ ಪೂಜೆ ನಡೆಯಿತು. ಉಸ್ತಾದರು ಮುಸಲ್ಮಾನರಾದರೂ ತಮ್ಮ ಕೆಲಸಗಾರರ ಪೂಜೆಗೆ ತೆಂಗಿನಕಾಯಿಯನ್ನು ತಾವೇ ತರುತ್ತಿದ್ದರು. ಗರಗಸಕ್ಕೆ ವಿಭೂತಿ ಕುಂಕುಮ ಹಚ್ಚಬೇಕಲ್ಲ, ಅದಕ್ಕೆಂದು ಮನ್ಮಥಪ್ಪ ಅದರ ಮೇಲಿನ ಮುಚ್ಚಳವನ್ನು ಬಿಚ್ಚಿ ಗೋಡೆಯ ಹಲಗೆಯ ಮೇಲಿಟ್ಟ. ಪೂಜೆ ಮಾಡಿದ ಕುಂಕುಮ ಅಳಿಸಬಾರದೆಂದು ಮುಚ್ಚಳವನ್ನು ಮತ್ತೆ ಹಾಕಲಿಲ್ಲ. ಹಬ್ಬ ಕಳೆದು ಕೆಲಸ ಶುರುವಾಯಿತು. ಒಂದು ವಾರವಾದರೂ ಮುಚ್ಚಳ ಹಲಗೆಯ ಮೇಲೆಯೇ ಇತ್ತು.

ಎಂಟನೆಯ ದಿನ ಉಸ್ತಾದರು ಕಿಟಕಿಗೆ ಸಣ್ಣ ಪಟ್ಟಿಗಳನ್ನು ಕೊಯ್ಯುತ್ತಿದ್ದರು. ದಾರದ ತುದಿ ಸಡಿಲವಾಗಿ ತೂಗುತ್ತಿತ್ತು. ಗರಗಸದ ಹಲ್ಲು ಅದನ್ನು ಹಿಡಿದು ಎಳೆಯಿತು. ದಾರದ ಹಿಂದೆ ಕೈ ಹೋಯಿತು. ಮನ್ಮಥಪ್ಪ ಓಡಿಬಂದು ಗುಂಡಿ ಆರಿಸುವಷ್ಟರಲ್ಲಿ ಎರಡು ಬೆರಳು ಹೋಗಿದ್ದವು.

ಉಸ್ತಾದರು ಕೂಗಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಮೊದಲು ಹೇಳಿದ ಮಾತು ಇದು: "ದಾರ ಎಲ್ಲಿ ಬಿತ್ತು ನೋಡು. ಹುಡುಕಿ ಒಲ್ಯಾಗ ಹಾಕು. ನಿಮ್ಮ ಚಾಚಿಗಿ ತಿಳೀಬಾರ್ದು."

"ಉಸ್ತಾದ್, ಮುಚ್ಚಳ ನಾನು..."

"ನೀನೂ ಅಲ್ಲ, ಆಕೀನೂ ಅಲ್ಲ. ಹಳೀ ಕಟ್ಟಿಗ್ಯಾಗ ಮೊಳಿ ಇತ್ತು, ಹಲಗಿ ಒದೀತು. ಅಷ್ಟೇ. ಕಾಪಾಡ್ಲಿ ಅಂತ ತಾ ಕಟ್ಟಿದ ದಾರ ನನ್ನ ಬೆರಳು ತಿಂತು ಅಂತ ತಿಳಿದ್ರ ಆಕಿ ಬದುಕಂಗಿಲ್ಲ. ಆಕಿ ಇರೋ ತನಕ ನಿನ್ನ ಬಾಯಿಂದ ಈ ಮಾತು ಬರಬಾರ್ದು. ಆಣಿ ಮಾಡು."

ಮನ್ಮಥಪ್ಪ ಎದೆಯ ಮೇಲಿನ ಕರಡಿಗೆ ಮುಟ್ಟಿ ಆಣೆ ಮಾಡಿದ. ಸಿಕ್ಕಷ್ಟು ದಾರವನ್ನು ಹೊಟ್ಟಿನಿಂದ ಹೆಕ್ಕಿ ಒಲೆಗೆ ಹಾಕಿದ. ಮೊಳೆಯ ಕಥೆಯನ್ನು ಉಸ್ತಾದರು ಚಾಚಿಗೆ ಹೇಳಿದರು, ಚಾಚಿ ಊರಿಗೆ ಹೇಳಿದರು. ಆಮೇಲೆ ಅವರು ದಾರವನ್ನು ಗಂಡನ ಕೈಗೆ ಕಟ್ಟಲಿಲ್ಲ, ಅಂಗಡಿಯ ಬಾಗಿಲ ಚೌಕಟ್ಟಿಗೆ ಕಟ್ಟತೊಡಗಿದರು. ಯಾಕೆಂದು ಯಾರೂ ಕೇಳಲಿಲ್ಲ.

ಉಮಾಶ್ರೀಯನ್ನು ಔರಾದಿಗೆ ಕೊಟ್ಟು ಮದುವೆ ಮಾಡಿದರು. ಗಂಡ ವೀರಭದ್ರ ಅಂಚೆ ಕಚೇರಿಯಲ್ಲಿದ್ದ, ಒಳ್ಳೆಯ ಮನುಷ್ಯ. ಮನ್ಮಥಪ್ಪ ಭಾಲ್ಕಿಗೆ ಬಂದು ಸ್ವಂತ ಅಂಗಡಿ ಹಾಕಿದ. ತಂಗಿಯದು ಮೊದಲಾಗಲಿ ಎಂದು ಮುಂದೆ ಹಾಕುತ್ತ ಬಂದ ತನ್ನ ಮದುವೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಅವನಿಗೆ ಇದ್ದದ್ದು ವರ್ಷಕ್ಕೆ ಒಂದು ದಿನ. ರಾಖಿ ಹುಣ್ಣಿಮೆಯ ದಿನ ಬೆಳಗಿನ ಬಸ್ಸಿಗೆ ಉಮಾಶ್ರೀ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬರುವಳು. ಅಣ್ಣನ ಕೈಗೆ ಕೆಂಪು ದಾರ ಕಟ್ಟಿ, ಇಬ್ಬರೂ ಉಂಡು, ಮಧ್ಯಾಹ್ನದ ಬಸ್ಸಿಗೆ ಹೋಗುವಳು. ಅವರ ತಾಯಿ ಹಾಕಿಕೊಟ್ಟ ರೂಢಿಯಂತೆ ಆ ದಾರವನ್ನು ದಸರೆಯ ಬನ್ನಿ ಹಬ್ಬದವರೆಗೆ ಕೈಯಿಂದ ಬಿಚ್ಚುವ ಹಾಗಿಲ್ಲ. ತಂಗಿ ಬಸ್ಸು ಹತ್ತಿದ ಮೇಲೆ ಮನ್ಮಥಪ್ಪ ಅದನ್ನು ಬಿಚ್ಚಿ ಮೊಳೆಗೆ ಹಾಕಿ ಕೆಲಸಕ್ಕೆ ನಿಲ್ಲುತ್ತಿದ್ದ, ಸಂಜೆ ಮತ್ತೆ ಕಟ್ಟಿಕೊಳ್ಳುತ್ತಿದ್ದ. ಅವಳಿಗೆ ಇದು ತಿಳಿದಿರಲಿಲ್ಲ.

ಈಗ್ಗೆ ಎಂಟು ವರ್ಷಗಳ ಹಿಂದೆ, ಮಾಘ ಮಾಸದಲ್ಲಿ, ವೀರಭದ್ರ ಒಂದೇ ದಿನದ ಎದೆನೋವಿನಲ್ಲಿ ತೀರಿಹೋದ. ಆ ವರ್ಷದ ಹುಣ್ಣಿಮೆಗೆ ತಂಗಿ ಬರುವಳೋ ಇಲ್ಲವೋ ಎಂದು ಮನ್ಮಥಪ್ಪ ಅಂಜಿದ್ದ. ಬಂದಳು. ಬರಿಯ ಹಣೆ, ಬರಿಯ ಕೈ. ದಾರ ಕಟ್ಟಿದಳು. ಉಂಡು, ಮಧ್ಯಾಹ್ನದ ಬಸ್ಸಿಗೆಂದು ಹೊರಟಳು. ಅರ್ಧ ದಾರಿಯಲ್ಲಿ ಮಳೆ ಹನಿಯಿತು; ಛತ್ರಿ ಮರೆತದ್ದು ನೆನಪಾಗಿ ತಿರುಗಿ ಬಂದಳು. ಯಂತ್ರ ಓಡುತ್ತಿತ್ತು. ತಾನು ಆಗತಾನೆ ಕಟ್ಟಿದ ದಾರ ಮೊಳೆಗೆ ತೂಗುತ್ತಿರುವುದನ್ನು ಕಂಡಳು.

ಮನ್ಮಥಪ್ಪ ಯಂತ್ರ ನಿಲ್ಲಿಸಿದ.

"ಅಣ್ಣಾ, ನಿನ್ನ ಕೈ ತೋರ್ಸು."

"ಮಷೀನಿನ ಮುಂದ ದಾರ ಇರಬಾರ್ದು ಉಮಾ. ಸಂಜಿಗಿ ಮತ್ತ ಕಟ್ಕೋತೇನಿ."

"ಯಾಕ ಇರಬಾರ್ದು? ಚಾಚಾ ಅಷ್ಟು ವರ್ಷ ಚಾಚಿ ಕಟ್ಟಿದ್ದು ಕೈಯಾಗ ಇಟ್ಕೊಂಡೇ ಕೆಲಸ ಮಾಡ್ಯಾರ. ಅವರಿಗಿ ದಾರದಿಂದ ಏನಾಯ್ತು?"

"ಅವರ ಬೆರಳು..."

"ಬೆರಳು ಹೋಗಿದ್ದು ಮೊಳಿಯಿಂದ. ಚಾಚಿ ನನಗ ಹತ್ತು ಸಲ ಹೇಳ್ಯಾಳ. ನೀನೂ ಹೇಳಿದಿ. ಹೇಳಿದ್ದಿಲ್ಲೇನು?"

ಉಸ್ತಾದರು ತೀರಿಕೊಂಡಿದ್ದರೂ ಚಾಚಿ ಬೀದರಿನಲ್ಲಿ ಜೀವಂತವಾಗಿದ್ದರು. ಉಮಾಶ್ರೀ ಎರಡು ದಿನಕ್ಕೊಮ್ಮೆ ಅವರಿಗೆ ಫೋನು ಮಾಡುತ್ತಿದ್ದಳು. ಅವಳಿಗೆ ಹೇಳಿದ್ದು ಅವರ ಕಿವಿಗೆ ಮುಟ್ಟದೆ ಇರುವುದಿಲ್ಲ.

ಅವನು ಸುಮ್ಮನಿದ್ದದ್ದನ್ನು ನೋಡಿ ಉಮಾಶ್ರೀಯ ಮುಖ ಬದಲಾಯಿತು.

"ತಿಳೀತು ಬಿಡು. ಗಂಡ ಸತ್ತಾಕಿ ಕಟ್ಟಿದ್ದು ಕೈ ಮ್ಯಾಲ ಸುಡ್ತದ. ಬಾಯಿಲೆ ಬಸವಣ್ಣ, ಕೈಯಾಗ ಶಕುನ. ಮಂದಿ ಅಂದ್ರ ಅನ್ಲಿ ಅಂತ ಬಂದಿದ್ದೆ ಅಣ್ಣಾ. ನೀನೂ ಮಂದೀನೇ ಆದಿ."

"ಉಮಾ, ಹಂಗಲ್ಲ..."

"ಹಂಗಲ್ಲಂದ್ರ ಹ್ಯಾಂಗ? ಹೇಳು."

ಹೇಳಲಿಲ್ಲ. ಅವಳು ಮಳೆಯಲ್ಲಿಯೇ ಹೊರಟುಹೋದಳು. ಛತ್ರಿ ಅಲ್ಲಿಯೇ ಉಳಿಯಿತು.

ಆಮೇಲೆ ಏಳು ವರ್ಷ ಅವಳು ಬರಲಿಲ್ಲ. ಫೋನು ಮಾಡಿದರೆ, "ಆರಾಮ ಅದೀನಿ" ಎಂದು ಇಟ್ಟುಬಿಡುವಳು. ಎರಡು ಸಲ ಔರಾದಿಗೆ ಹೋದ. ನೀರು ಕೊಟ್ಟಳು, ಊಟಕ್ಕೆ ಕೂರು ಎನ್ನಲಿಲ್ಲ. ಹೇಳಬೇಕಾದ ಮಾತೊಂದನ್ನು ಬಿಟ್ಟು ಬೇರೆ ಯಾವ ಮಾತೂ ಅವಳಿಗೆ ಬೇಕಿರಲಿಲ್ಲ, ಆ ಒಂದನ್ನು ಅವನು ಆಡುವಂತಿರಲಿಲ್ಲ. ಪ್ರತಿ ರಾಖಿ ಹುಣ್ಣಿಮೆಗೆ ಅಂಗಡಿ ಮುಚ್ಚಿ ಬಸ್ ಸ್ಟ್ಯಾಂಡಿಗೆ ಹೋಗಿ, ಔರಾದಿನ ಬಸ್ಸುಗಳಿಂದ ಇಳಿಯುವವರನ್ನು ನೋಡುತ್ತ ನಿಲ್ಲುವನು. ಮೂರು ಬಸ್ಸು ನೋಡಿ, ಬಂದು, ಅದೇ ಹಳೆಯ ದಾರವನ್ನು ಹಲ್ಲಿನಿಂದ ಕಟ್ಟಿಕೊಳ್ಳುವನು. ಬನ್ನಿ ಬಂದು ಹೋಗುತ್ತಿತ್ತು. ಅವನು ಅದನ್ನು ತೆಗೆಯುತ್ತಿರಲಿಲ್ಲ. ತೆಗೆದರೆ ಕಟ್ಟಲು ಇನ್ನೊಂದಿಲ್ಲ.

ಆ ನಡುವೆ ಒಮ್ಮೆ ಚಾಚಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದ್ದರು. ಅವನು ಬೀದರಿಗೆ ಹೋಗಿ ಎರಡು ದಿನ ಅವರ ಬಳಿ ಕುಳಿತು, ರೈಲಿನಲ್ಲಿ ಮರಳುತ್ತಿದ್ದ. ಕಿಟಕಿಯ ಹೊರಗೆ ತೊಗರಿ ಹೊಲಗಳನ್ನು ನೋಡುತ್ತಿರುವಾಗ ಒಂದು ವಿಚಾರ ಬಂತು: ಚಾಚಿ ಹೋದರೆ ನಾನು ತಂಗಿಗೆ ಹೇಳಬಹುದು. ಹಾಗೆ ವಿಚಾರ ಬಂದದ್ದೇ ತಡ, ಹಲಬರ್ಗಾದಲ್ಲಿ ರೈಲು ನಿಂತಾಗ ಇಳಿದುಬಿಟ್ಟ. ಮುಂದಿನ ರೈಲಿಗೆ ಮತ್ತೆ ಬೀದರಿಗೆ ಹೋಗಿ, ಚಾಚಿ ಮನೆಗೆ ಬರುವವರೆಗೆ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಮಲಗಿದ. ಇದನ್ನು ನನಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ಜಾಲಿಯ ಕೋಲಿನ ತುದಿಯನ್ನು ಉಜ್ಜುತ್ತಿದ್ದ.

ಕಳೆದ ಶ್ರಾವಣದಲ್ಲಿ ಆಬೇದಾ ಫೋನು ಮಾಡಿದಳು. "ಭೈಯಾ, ಅಮ್ಮೀ ಮಂಚದ ಕಾಲು ಅಲ್ಲಾಡ್ತದ. ಬ್ಯಾರೇ ಬಡಿಗ್ಯಾರನ್ನ ಕರೀಬ್ಯಾಡ ಅಂತಾರ. ನೀ ಬಾ."

ಮನ್ಮಥಪ್ಪ ಉಳಿ, ಕೊಡತಿ ಹಿಡಿದು ಹೋದ. ಮಂಚದ ಕಾಲಿಗೆ ಬೆಣೆ ಹೊಡೆದು, ಅಲುಗಿಸಿ ನೋಡಿ, ಚಾಚಿಯನ್ನು ಕೈಹಿಡಿದು ಅದರ ಮೇಲೆ ಕೂರಿಸಿದ. ಎಂಬತ್ತು ದಾಟಿದ ಚಾಚಿಗೆ ಕಣ್ಣು ಮಂದವಾಗಿತ್ತು. ಹಿಡಿದ ಕೈಯನ್ನು ಬಿಡದೆ ಅವನ ಮಣಿಕಟ್ಟಿನ ದಾರದ ಮೇಲೆ ಬೆರಳಾಡಿಸಿದರು.

"ಇದು ಯಾವ ವರ್ಷದ್ದು ಬೇಟಾ? ನಾರು ಆಗ್ಯದಲ್ಲ."

"ಹಳೀದು ಚಾಚಿ."

"ಅದೇ ಕೇಳ್ದೆ, ಎಷ್ಟು ಹಳೀದು? ಉಮಾ ಹೊಸದು ಕಟ್ಟಂಗಿಲ್ಲೇನು? ಫೋನಿನ್ಯಾಗ ನಿಮ್ಮಣ್ಣ ಹ್ಯಾಂಗ ಇದ್ದಾನ ಅಂದ್ರ ಆಕಿ ಮಳಿ ಬೆಳಿ ಮಾತಾಡ್ತಾಳ."

ಅವನು ಏನೋ ಹೇಳಿ ತಪ್ಪಿಸಿಕೊಳ್ಳಲು ನೋಡಿದ. ಚಾಚಿ ಬಿಡಲಿಲ್ಲ. ಕಡೆಗೆ, "ಏಳು ವರ್ಷ ಆಯ್ತು ಚಾಚಿ, ಆಕಿ ಬರಂಗಿಲ್ಲ. ಕಟರಿನ ಮುಂದ ದಾರ ಬಿಚ್ಚಿ ಇಟ್ಟಿದ್ದೆ. ಆಕಿ ನೋಡಿದ್ಳು. ಗಂಡ ಸತ್ತಾಕಿ ದಾರಂತ ಬಿಚ್ಚಿದೆ ಅಂದ್ಕೊಂಡ್ಳು" ಎಂದ.

"ಯಾಕ ಬಿಚ್ತಿ ಅಂತ ನೀ ಹೇಳಿಲ್ಲ?"

ಅವನು ಉಳಿಯನ್ನು ಚೀಲಕ್ಕೆ ಹಾಕಿದ, ಮತ್ತೆ ಹೊರಗೆ ತೆಗೆದ.

ಚಾಚಿ ಮಗಳನ್ನು ಕರೆದು ಪೆಟ್ಟಿಗೆಯ ತಳದಲ್ಲಿದ್ದ ಕಣ್ಣಿಗೆ ಹಚ್ಚುವ ಸುರ್ಮಾದ ಡಬ್ಬಿ ತರಿಸಿದರು. ಅದರೊಳಗೆ ಒಂದು ತುಂಡು ಕೆಂಪು ದಾರವಿತ್ತು. ಅದರಲ್ಲಿ ಮೂರು ಗಂಟುಗಳಿದ್ದವು.

"ಏಳು ಹಾಕಿದ್ದೆ. ನಿಮ್ಮ ಉಸ್ತಾದರ ಅಂಗಿ ತೊಳೀವಾಗ ತೋಳಿನ ಮಡಿಕ್ಯಾಗ ಮೂರು ಸಿಕ್ಕವು. ತುದಿ ನೋಡು. ಬಿಚ್ಚಿದ್ದಲ್ಲ, ಕತ್ರಿಲೆ ಕತ್ರಿಸಿದ್ದಲ್ಲ. ಅಂಗ್ಯಾನ ರಕ್ತ ತೊಳೀತಿದ್ದೆ ಬೇಟಾ, ಅಲ್ಲೇ ತಿಳೀತು."

ಮನ್ಮಥಪ್ಪ ನೆಲದ ಮೇಲೆ ಕುಳಿತುಬಿಟ್ಟ. "ನಿಮಗ ಗೊತ್ತಿತ್ತಾ?"

"ಅವರು ನನ್ನ ಮಾರಿ ನೋಡಿ ಮೊಳಿ ಅಂದ್ರು. ನಾನೂ ಮೊಳಿ ಅಂದೆ. ಕಂಡ ಕಂಡವರಿಗೆಲ್ಲ ಹೇಳ್ದೆ. ನಾ ನಂಬೀನಿ ಅಂತ ಅವರು ನಂಬಬೇಕಲ್ಲ. ಹೋಗೋ ತನಕ ಸಮಾಧಾನಲೆ ಇದ್ರು. ಆದ್ರ ನೀ ಯಾರ ಸಲುವಾಗಿ ಸುಮ್ಮನಿದ್ದಿ, ಹುಚ್ಚ?"

"ಆಣಿ ಮಾಡಿದ್ದೆ, ಚಾಚಿ. ನೀವು ಇರೋ ತನಕ ಅಂತ." ಅವನು ಮೂವತ್ತು ವರ್ಷಗಳಿಂದ ಒಳಗಿಟ್ಟುಕೊಂಡಿದ್ದ ಇನ್ನೊಂದನ್ನೂ ಹೇಳಿದ. "ಪೂಜಿಗಿ ಮುಚ್ಚಳ ಬಿಚ್ಚಿದವ ನಾನು. ಮತ್ತ ಹಾಕ್ಲಿಲ್ಲ."

"ಬಿಚ್ಚಿದವ ನೀನು. ಹಾಕ್ಲಾರ್ದೇ ಮಷೀನ್ ಚಾಲೂ ಮಾಡಿದವ್ರು ಅವರು. ದಾರ ಕಟ್ಟಿದಾಕಿ ನಾನು. ಎರಡು ಬೆರಳಿಗಿ ನೋಡು, ಮೂರು ಮಂದಿ ಬೇಕಾದ್ರು." ಚಾಚಿ ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಆಣಿ ನನ್ನ ಸಲುವಾಗಿ ಇತ್ತು. ನಾ ಬಿಡಸ್ತೇನಿ. ಊರಿಗಿ ಹೋಗಬ್ಯಾಡ, ಸೀದಾ ಔರಾದಿಗಿ ಹೋಗು. ಫೋನಿನ್ಯಾಗ ಹೇಳೋ ಮಾತಲ್ಲ ಇದು."

ಅವನು ಸಂತಪುರದ ಮೇಲೆ ಹೋಗುವ ಬಸ್ಸು ಹತ್ತಿದ. ಉಮಾಶ್ರೀ ಅಂಗಳದಲ್ಲಿ ಮೊರ ಹಿಡಿದು ಹೆಸರುಕಾಳು ಕೇರುತ್ತಿದ್ದಳು. ಅಣ್ಣನನ್ನು ಕಂಡು ಎದ್ದು ನೀರು ತರಲು ಹೊರಟಳು.

"ನೀರು ಆಮ್ಯಾಲ. ಕೂಡು" ಎಂದು ಅವನು ಡಬ್ಬಿ ತೆರೆದು ಅವಳ ಮುಂದಿಟ್ಟ. ಮುಚ್ಚಳದಿಂದ ಮೊದಲು ಮಾಡಿ, ಸುರ್ಮಾದ ಡಬ್ಬಿಯವರೆಗೆ, ಒಂದನ್ನೂ ಬಿಡದೆ ಹೇಳಿದ. ಅಷ್ಟು ಉದ್ದದ ಮಾತನ್ನು ಅವನು ಜೀವಮಾನದಲ್ಲಿ ಆಡಿರಲಿಲ್ಲ. ಉಮಾಶ್ರೀ ದಾರದ ತುಂಡನ್ನು ಮೊರದ ಅಂಚಿನ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ಆ ದಿನ ನನ್ನೊಬ್ಬಾಕಿಗೇ ಹೇಳಿದ್ರ, ನಾ ಹೋಗಿ ಚಾಚಿಗಿ ಹೇಳ್ತಿದ್ದೆ ಅಂತ ತಿಳ್ಕೊಂಡ್ಯಾ?"

"ಹೂಂ."

"ಹೇಳ್ತಿದ್ದೆ" ಎಂದಳು. "ನನ್ನ ಹೊಟ್ಟ್ಯಾಗ ಏನು ನಿಂತದ ಇಲ್ಲಿ ತನಕ?"

ಇಬ್ಬರಿಗೂ ನಗು ಬರುವುದರಲ್ಲಿತ್ತು, ಬರಲಿಲ್ಲ.

"ಆದ್ರ ಅಣ್ಣಾ, ಏಳು ವರ್ಷ ನಾ ಯಾರ ಮನಿ ಲಗ್ನಕ್ಕೂ ಹೋಗಿಲ್ಲ. ನಮ್ಮಣ್ಣನೇ ನನ್ನ ದಾರ ಇಟ್ಕೊಳ್ಳಿಲ್ಲ, ಮಂದಿ ಮುಂದ ಹ್ಯಾಂಗ ನಿಂದ್ರಲಿ ಅಂತ. ಮಂದಿ ಕರದ್ರು, ನಾನೇ ಹೋಗ್ಲಿಲ್ಲ. ಅದು ಈ ಡಬ್ಬಿಲೆ ಹೋಗಂಗಿಲ್ಲ."

"ಹೋಗಂಗಿಲ್ಲ" ಎಂದು ಅವನೂ ಒಪ್ಪಿದ.

ಅಂದು ಊಟ ಹಾಕಿದಳು. ಹುಣ್ಣಿಮೆಗೆ ಇನ್ನು ಒಂಬತ್ತು ದಿನಗಳಿದ್ದವು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಹುಣ್ಣಿಮೆಯ ದಿನ ಎಂದಿನಂತೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ. ಮೂರು ಬಸ್ಸು ನೋಡಿ ಬಂದ. ನಾನು ಸ್ಟೂಲಿನ ಮೇಲೆ ಕುಳಿತಿದ್ದೆ. ಏನಾಯಿತೆಂದು ಕೇಳಲು ಮನಸ್ಸು ಬರಲಿಲ್ಲ. ಅವನು ಹಳೆಯ ದಾರವನ್ನು ಬಿಚ್ಚಿ ಮೊಳೆಗೆ ಹಾಕಿ, ಒಂದು ಹಲಗೆ ಎತ್ತಿಕೊಂಡು ಅದರ ಮೇಲೆ ಅಂಗೈ ಆಡಿಸಿದ. ಹಲಗೆ ಮುಗಿದರೂ ಅಂಗೈ ಆಡಿಸುತ್ತಲೇ ಇದ್ದ. ಹೊರಗೆ ಮಳೆ ಸುರಿಯುತ್ತಿತ್ತು.

"ಅಂಗಡ್ಯಾಗ ಯಾರರೆ ಅದೀರೇನು? ನನ್ನ ಛತ್ರಿ ಒಂದು ಇಲ್ಲಿ ಉಳದದ" ಎಂದು ಬಾಗಿಲಲ್ಲಿ ದನಿ ಕೇಳಿತು.

ಸೆರಗನ್ನು ತಲೆಯ ಮೇಲೆಳೆದುಕೊಂಡು, ಪೂರ್ತಿ ನೆನೆದು, ಸ್ಟೀಲಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಒಬ್ಬ ಹೆಣ್ಣುಮಗಳು ನಿಂತಿದ್ದಳು. ಮನ್ಮಥಪ್ಪ ಹಲಗೆಯನ್ನು ಕೆಳಗಿಡುವುದನ್ನು ಮರೆತು, ಹಿಡಿದುಕೊಂಡೇ ನಿಂತ.

"ಬೆಳಗಿನ ಬಸ್ ಯಾಕ ಬಿಟ್ಟಿ?" ಎಂದು ಕೇಳಿದ.

"ಮೂರು ಬಸ್ ಬಿಟ್ಟೆ" ಎಂದಳು. "ಹತ್ಲಿಕ್ಕಿ ಕಾಲು ಏಳ್ಲಿಲ್ಲ."

ನಾನು ಏಳಲು ಹೋದೆ. "ಕೂಡ್ರಿ ಸರ್, ಹೋಳಿಗಿ ತಿಂದು ಹೋಗ್ರಿ" ಎಂದು ಅವಳೇ ಕೂರಿಸಿದಳು. ಅಣ್ಣನ ಕೈ ಹಿಡಿದು ಹೊಸ ಕೆಂಪು ದಾರ ಕಟ್ಟಿದಳು. ಆಮೇಲೆ ದೂರ ಸರಿದು ನಿಂತು, "ಈಗ ಮಷೀನ್ ಚಾಲೂ ಮಾಡು" ಎಂದಳು.

"ಇವತ್ತು ಬ್ಯಾಡ ಉಮಾ."

"ಮಾಡು. ನಾ ನೋಡಬೇಕು."

"ಮಾಡಬೇಕಂದ್ರ ಇದನ್ನ..." ಅವನು ಮಣಿಕಟ್ಟನ್ನು ನೋಡಿಕೊಂಡ. ಬಿಚ್ಚಲು ಅವನ ಎಡಗೈ ಏಳಲಿಲ್ಲ.

ಉಮಾಶ್ರೀ ಹತ್ತಿರ ಬಂದಳು. ತಾನು ಹಾಕಿದ ಗಂಟನ್ನು ತಾನೇ ಬಿಚ್ಚಿದಳು. ಮೊಳೆಯ ಮೇಲೆ ತೊಗಟೆಯ ಬಣ್ಣದ ಹಳೆಯ ದಾರ ತೂಗುತ್ತಿತ್ತು. ಅದನ್ನು ಮುಟ್ಟಿ ನೋಡಿ, ಹೊಸದನ್ನು ಅದರ ಪಕ್ಕಕ್ಕೆ ಹಾಕಿದಳು.

ಮನ್ಮಥಪ್ಪ ಅವಳನ್ನು ನನ್ನ ಸ್ಟೂಲಿನ ಬಳಿ, ಗೋಡೆಗೆ ನಿಲ್ಲಿಸಿದ. ಮುಚ್ಚಳ ಅಲುಗಿಸಿ ನೋಡಿದ. ಗುಂಡಿ ಒತ್ತಿದ. ಒಂದೇ ಒಂದು ಹಲಗೆ ಕೊಯ್ದ. ಕೊನೆಯ ಗೇಣನ್ನು ಜಾಲಿಯ ಕೋಲಿನಿಂದ ತಳ್ಳಿದ. ಗುಂಡಿ ಆರಿಸಿದ. ಸದ್ದು ಇಳಿದದ್ದನ್ನು ಕೇಳಿ ಉಮಾಶ್ರೀ ಕೊಯ್ದ ಪಟ್ಟಿಯನ್ನು ಎತ್ತಿಕೊಳ್ಳಲು ಕೈ ಚಾಚಿದಳು.

"ತಡಿ!"

ಅವನು ಕೂಗಿದ್ದನ್ನು ಅಷ್ಟು ವರ್ಷಗಳಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಅವಳು ಬೆಚ್ಚಿ ಕೈ ಹಿಂದೆ ತೆಗೆದಳು.

"ಇನ್ನಾ ತಿರಗ್ತದ. ನಿಂದ್ರಲಿ" ಎಂದು ಅವನು ಮೆಲ್ಲಗೆ ಹೇಳಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ. ಅವಳೂ ಅವನನ್ನು ನೋಡಿ ಹಾಗೆಯೇ ಕಟ್ಟಿಕೊಂಡಳು. ಗರಗಸದ ಹಲ್ಲುಗಳು ಮೊದಲು ಕಾಣುತ್ತಿರಲಿಲ್ಲ, ಆಮೇಲೆ ಒಂದೊಂದಾಗಿ ಕಂಡವು, ಆಮೇಲೆ ನಿಂತವು. ಅಣ್ಣ ಕೈ ಮುಂದೆ ಚಾಚಿದ. ತಂಗಿ ಮೊಳೆಯಿಂದ ಹೊಸ ದಾರ ತೆಗೆದು ಮತ್ತೆ ಕಟ್ಟಿದಳು.

ನಾಲ್ಕು ಗಂಟೆಯ ಬಸ್ಸಿಗೆ ಛತ್ರಿ ತೆಗೆದುಕೊಂಡು ಹೋದಳು. ಬಿಚ್ಚಿದಾಗ ಒಂದು ಕಡ್ಡಿಯೂ ಕಿರುಗುಟ್ಟಲಿಲ್ಲ. "ಎಣ್ಣಿ ಬಿಟ್ಟೀಯೇನು?" ಎಂದು ಕೇಳಿದಳಂತೆ. ಅವನು ಹೂಂ ಎಂದನಂತೆ.

ಆ ಹಳೆಯ ದಾರವನ್ನು ಅವನು ಬನ್ನಿಯ ದಿನ ಬನ್ನಿ ಗಿಡದ ಬುಡದಲ್ಲಿಟ್ಟು ಬಂದ. ಆ ಸಲದ ಆಯುಧ ಪೂಜೆಯಲ್ಲಿ, ಯಾವಾಗಿನಂತೆ, ಕುಂಕುಮವನ್ನು ಗರಗಸಕ್ಕೆ ಹಚ್ಚಲಿಲ್ಲ, ಮುಚ್ಚಳದ ಮೇಲೆಯೇ ಹಚ್ಚಿದ. ಹೊಸ ದಾರವನ್ನು ಬನ್ನಿ ಕಳೆದರೂ ತೆಗೆದಿಲ್ಲ. ಔರಾದಿನಿಂದ ವಾರಕ್ಕೊಮ್ಮೆ ಫೋನು ಬರುತ್ತದೆ; ಅವಳು ಮಾತಾಡುತ್ತಾಳೆ, ಇವನು ಕೇಳುತ್ತಾನೆ. ಉಳಿದ ದಿನಗಳಲ್ಲಿ ಅಂಗಡಿ ಮೊದಲಿನಂತೆಯೇ ಇದೆ.

ನಿನ್ನೆ ಸಂಜೆ ಅವನು ಹೊಟ್ಟು ಗುಡಿಸಿ, ಕೈ ತೊಳೆದು, ಮೊಳೆಯಿಂದ ದಾರ ತೆಗೆದು ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಾಗ ನಾನು ಸ್ಟೂಲಿನಿಂದ ಎದ್ದು, "ಕೊಡಪ್ಪಾ, ನಾನು ಕಟ್ಟುತ್ತೇನೆ" ಎಂದೆ.

"ಬ್ಯಾಡ್ರಿ ಸರ್" ಎಂದ, ಹಲ್ಲಿನ ನಡುವಿನಿಂದ. "ಇದು ರೂಢಿ ಆಗ್ಯದ."

ಗಂಟು ಹಾಕಿಕೊಂಡು, ದೀಪ ಆರಿಸಿ, ಬಾಗಿಲು ಎಳೆದ.